ಸೈಲೆನ್ಸರ್‌ನಿಂದ ಬೆಂಕಿ ಹೇಗೆ ಬರುತ್ತೆ?

ನಾನು ಎರಡನೇ ವರ್ಷದ ಮೆಕ್ಯಾನಿಕಲ್. ಊರು ಆಲೂರು ತಾಲ್ಲೂಕು, ಸಕಲೇಶಪುರಕ್ಕೆ ಹೋಗೋ ದಾರಿಯಲ್ಲಿ ಒಳಗಡೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರ ತಪ್ಪಿದ್ರೆ ಬೈಬೇಡಿ. ಕನ್ನಡ ಸಂಘದ ಸೀನಿಯರ್ಸ್ "ನಿನಗೆ ಗೊತ್ತಿರೋ ಟೆಕ್ನಿಕಲ್ ವಿಷಯ ಒಂದನ್ನ ಕನ್ನಡದಲ್ಲಿ ಬರಿ" ಅಂದ್ರು. ನನಗೆ ಸರಿಯಾಗಿ ಗೊತ್ತಿರೋದು ಒಂದೇ. ಕಳೆದ ಮಾರ್ಚ್‌ನಲ್ಲಿ ಅದನ್ನ ಕೈ ಸುಟ್ಟುಕೊಂಡು ಕಲಿತೆ.

ರೀಲ್ಸ್‌ನಲ್ಲಿ ನೀವೂ ನೋಡಿರ್ತೀರ. ರಾತ್ರಿ ಹೊತ್ತು ಒಂದು ಕಾರು ನಿಂತಿರುತ್ತೆ, ಆಕ್ಸಿಲರೇಟರ್ ಒತ್ತಿ ಬಿಟ್ಟ ಕೂಡಲೇ ಹಿಂದಿನಿಂದ ಢಂ ಅಂತ ಸದ್ದು, ಎರಡು ಅಡಿ ಬೆಂಕಿ. ನಮ್ಮ ಕಾಲೇಜ್ ಫೆಸ್ಟ್‌ನ ಆಟೋ ಶೋಗೆ ಇದನ್ನೇ ಮಾಡೋಣ ಅಂತ ನಾನೂ ದೊಡ್ಡಪ್ಪನ ಮಗ ಅಣ್ಣನೂ ಪ್ಲಾನ್ ಹಾಕಿದ್ವಿ. ಗಾಡಿ ದೊಡ್ಡಪ್ಪನ ತೋಟದಲ್ಲಿ ಗೊಬ್ಬರದ ಚೀಲ ಹೊರೋಕೆ ಇಟ್ಟಿದ್ದ ಹಳೇ ಮಾರುತಿ 800. ಕಾರ್ಬುರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. ಕಥೆ ಆಮೇಲೆ ಹೇಳ್ತೀನಿ, ಮೊದಲು ಪಾಠ.

ಪೆಟ್ರೋಲ್ ಇಂಜಿನ್‌ನಲ್ಲಿ ಬೆಂಕಿ ಇರಬೇಕಾದ ಜಾಗ ಸಿಲಿಂಡರ್ ಒಳಗೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಇದು ನಮಗೆಲ್ಲ ಬಾಯಿಪಾಠ. ಆದರೆ ಪರೀಕ್ಷೆಗೆ ಕೇಳದ ಇನ್ನೊಂದು ಲೆಕ್ಕ ಇದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಪರಿಮಾಣದಲ್ಲಿ ಸುಮಾರು 1.4 ಶೇಕಡದಿಂದ 7.6 ಶೇಕಡದ ನಡುವೆ ಇದ್ದರೆ ಮಾತ್ರ ಅದು ಹತ್ತಿಕೊಳ್ಳುತ್ತೆ. ಅದಕ್ಕಿಂತ ಕಮ್ಮಿ ಇದ್ದರೂ ಹತ್ತಲ್ಲ, ಜಾಸ್ತಿ ಇದ್ದರೂ ಹತ್ತಲ್ಲ. ಸೈಲೆನ್ಸರ್ ಬೆಂಕಿಯ ಇಡೀ ಗುಟ್ಟು ಇಲ್ಲೇ ಇದೆ.

ಸಿಲಿಂಡರ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಎಕ್ಸಾಸ್ಟ್ ವಾಲ್ವ್ ದಾಟಿ ಪೈಪಿಗೆ ಬಂತು ಅಂದ್ಕೊಳ್ಳಿ. ಎರಡು ಥರ ಬರಬಹುದು. ಒಂದು, ಪ್ಲಗ್‌ಗೆ ಕಿಡಿ ಕೊಡೋದನ್ನ ಒಂದು ಕ್ಷಣ ನಿಲ್ಲಿಸಿದಾಗ. ಆಗ ಪೆಟ್ರೋಲ್ ಒಂದೇ ಬರಲ್ಲ, ಉರಿಯದ ಗಾಳಿಯೂ ಜೊತೆಗೇ ಬರುತ್ತೆ. ಅಂದರೆ ಪೈಪಿನೊಳಗೆ ಪೂರ್ತಿ ರೆಡಿಯಾದ ಮಿಶ್ರಣ ತುಂಬಿರುತ್ತೆ. ಅದಕ್ಕೆ ಬಿಸಿ ಸಿಕ್ಕಿದರೆ ಪೈಪಿನ ಒಳಗೇ ಢಮಾರ್. ಸದ್ದು ಜಾಸ್ತಿ, ಬೆಂಕಿ ಕಮ್ಮಿ. ಎರಡನೇದು, ಚೋಕ್ ಎಳೆದು ಪೆಟ್ರೋಲ್ ಅತಿಯಾಗಿ ಬಿಟ್ಟಾಗ. ಸಿಲಿಂಡರ್‌ನಲ್ಲಿ ಇದ್ದಬದ್ದ ಆಮ್ಲಜನಕ ಖರ್ಚಾಗಿ ಹೋಗಿರುತ್ತೆ, ಉಳಿದ ಪೆಟ್ರೋಲ್ ಆವಿ, ಕಾರ್ಬನ್ ಮೊನಾಕ್ಸೈಡ್, ಸ್ವಲ್ಪ ಹೈಡ್ರೋಜನ್ ಬಿಸಿಬಿಸಿಯಾಗಿ ಪೈಪಿನಲ್ಲಿ ಸಾಗುತ್ತವೆ. ಒಳಗೆ ಗಾಳಿ ಇಲ್ಲ, ಉರಿಯೋಕಾಗಲ್ಲ. ಪೈಪಿನ ಬಾಯಿಗೆ ಬಂದು ಹೊರಗಿನ ಗಾಳಿ ತಾಗಿದ ಮೇಲೆ ಉರಿಯುತ್ತೆ. ಆಗ ಕಾಣೋದೇ ಆ ಉದ್ದದ ಹಳದಿ ಬೆಂಕಿ. ಹಳದಿ ಯಾಕೆ ಅಂದ್ರೆ ಅದರಲ್ಲಿರೋ ಮಸಿಯ ಕಣಗಳು ಕಾದು ಹೊಳೆಯುತ್ತವೆ, ಸೀಮೆಎಣ್ಣೆ ಬುಡ್ಡಿ ಥರ. ಗಾಳಿ ಮೊದಲೇ ಸರಿಯಾಗಿ ಬೆರೆತಿದ್ದರೆ ಗ್ಯಾಸ್ ಒಲೆಯ ಹಾಗೆ ನೀಲಿ ಇರ್ತಿತ್ತು, ಫೋಟೋದಲ್ಲಿ ಕಾಣ್ತಾನೇ ಇರ್ಲಿಲ್ಲ.

ನಾವೆಲ್ಲ ಇದನ್ನ "ಬ್ಯಾಕ್‌ಫೈರ್" ಅಂತೀವಿ. ಸರಿಯಾಗಿ ಹೇಳಬೇಕಂದ್ರೆ ಬ್ಯಾಕ್‌ಫೈರ್ ಅಂದರೆ ಬೆಂಕಿ ಹಿಂದಕ್ಕೆ, ಕಾರ್ಬುರೇಟರ್ ಕಡೆಗೆ ನುಗ್ಗೋದು. ಸೈಲೆನ್ಸರ್‌ನಲ್ಲಿ ಆಗೋದು ಆಫ್ಟರ್‌ಫೈರ್. ವೈವಾದಲ್ಲಿ ಕೇಳಿದ್ರೆ ಉಪಯೋಗಕ್ಕೆ ಬರುತ್ತೆ.

ಹೊತ್ತಿಸೋದು ಯಾವುದು? ಪೆಟ್ರೋಲ್ ಆವಿ ಸುಮಾರು 250ರಿಂದ 280 ಡಿಗ್ರಿಯಲ್ಲಿ ತಾನಾಗೇ ಹತ್ತಿಕೊಳ್ಳುತ್ತೆ. ಲೋಡ್‌ನಲ್ಲಿ ಓಡೋ ಇಂಜಿನ್ನಿನ ಎಕ್ಸಾಸ್ಟ್ ಪೋರ್ಟ್ ಹತ್ತಿರ ಹೊಗೆಯೇ 700 ಡಿಗ್ರಿ ದಾಟುತ್ತೆ. ಆದರೆ ನಿಂತ ಗಾಡಿಯಲ್ಲಿ ಸೈಲೆನ್ಸರ್ ತುದಿ ಅಷ್ಟು ಕಾಯಲ್ಲ. ಅದಕ್ಕೇ ಶೋ ಗಾಡಿಗಳಲ್ಲಿ ಪೈಪಿನ ತುದಿಗೆ ಇನ್ನೊಂದು ಸ್ಪಾರ್ಕ್ ಪ್ಲಗ್ ಹಾಕಿರ್ತಾರೆ. ಇಂಜಿನ್ನಿನ ಕಿಡಿ ಕಟ್ ಆದಾಗ ಈ ಪ್ಲಗ್ ಕಿಡಿ ಹಾರಿಸುತ್ತೆ. ಮ್ಯಾಜಿಕ್ ಇಷ್ಟೇ.

ಈಗ ನಮ್ಮ ಘಾಟಿಗೆ ಬನ್ನಿ. ಶಿರಾಡಿ ಇಳಿಯುವಾಗ ಹಳೇ ಪೆಟ್ರೋಲ್ ಜೀಪು, ಹಳೇ ಬುಲೆಟ್ಟು ಪಟ್ ಪಟ್ ಅನ್ನೋದನ್ನ ಕೇಳಿದ್ದೀರಾ? ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿರುತ್ತೆ, ಚಕ್ರ ಇಂಜಿನ್ನನ್ನ ತಿರುಗಿಸ್ತಾ ಇರುತ್ತೆ. ಸಿಲಿಂಡರ್‌ಗೆ ಬರೋ ಮಿಶ್ರಣ ಎಷ್ಟು ಕಮ್ಮಿ ಅಂದ್ರೆ ಸರಿಯಾಗಿ ಹತ್ತೋದೇ ಇಲ್ಲ. ಉರಿಯದೆ ಪೈಪಿಗೆ ಹೋಗುತ್ತೆ. ಸೈಲೆನ್ಸರ್ ಜಾಯಿಂಟ್‌ನಲ್ಲಿ ಸ್ವಲ್ಪ ಲೀಕ್ ಇದ್ದರೆ ಗಾಳಿಯೂ ಸಿಗುತ್ತೆ. ಅದೇ ಪಟ್ ಪಟ್. ಇನ್ನೊಂದು ಮಜಾ ಏನಂದ್ರೆ, ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ 10 ಶೇಕಡ ಕಮ್ಮಿ. ಮಂಗಳೂರಲ್ಲಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್‌ಗೆ ಇದು ಗೊತ್ತಾಗಲ್ಲ. ಗಾಳಿಯ ತೂಕ 10 ಶೇಕಡ ಇಳಿದರೆ ಜೆಟ್‌ನಿಂದ ಬರೋ ಪೆಟ್ರೋಲ್ ಸುಮಾರು 5 ಶೇಕಡ ಮಾತ್ರ ಇಳಿಯುತ್ತೆ, ಯಾಕಂದ್ರೆ ಅದು ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ ಹೋಗೋದು. ಹಾಗಾಗಿ ಘಾಟಿ ಹತ್ತಿ ಬಂದ ಗಾಡಿ ತಾನಾಗೇ 5 ಶೇಕಡ ರಿಚ್ ಆಗಿರುತ್ತೆ. ಇದನ್ನ ಬರ್ನುಲಿ ಸಮೀಕರಣದಿಂದ ನಾನೇ ತೆಗೆದೆ. ಮೊದಲ ಸಲ ಆ ಸಮೀಕರಣದ ಮೇಲೆ ಪ್ರೀತಿ ಬಂತು.

ಈಗಿನ ಇಂಜೆಕ್ಷನ್ ಕಾರುಗಳು ಇಳಿಜಾರಲ್ಲಿ ಯಾಕೆ ಸುಮ್ಮನಿರುತ್ತವೆ? ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಸಿಯು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ. ಪೈಪಿನಲ್ಲಿ ಬರೀ ಗಾಳಿ. ಬೆಂಕಿ ಬೇಕು ಅನ್ನೋರು ಇಸಿಯು ಮ್ಯಾಪ್ ತಿದ್ದಿ ಈ ಕಟ್ ಅನ್ನ ತೆಗೆಸ್ತಾರೆ, ಕಿಡಿ ತಡವಾಗಿ ಬೀಳೋ ಹಾಗೆ ಮಾಡಿಸ್ತಾರೆ. ಡೀಸೆಲ್ ಜೀಪಿನ ಫ್ರೆಂಡ್ಸ್ ಬೇಜಾರಾಗಬೇಡಿ, ನಿಮ್ಮ ಇಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿಯಲ್ಲಿ ಓಡೋದು. ನಿಮಗೆ ಕಪ್ಪು ಹೊಗೆ ಬರುತ್ತೆ ಅಷ್ಟೇ.

ರ‍್ಯಾಲಿ ಕಾರುಗಳಲ್ಲಿ ಬೆಂಕಿ ಬರೋದು ಶೋಗಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೀತಿತ್ತಲ್ಲ, ಗೌರವ್ ಗಿಲ್ 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದಾಗ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5, 1.6 ಲೀಟರ್ ಟರ್ಬೋ. ರ‍್ಯಾಲಿ ಕಾರಿನಲ್ಲಿ ತಿರುವಿಗೆ ಕಾಲು ಎತ್ತಿದ ಕೂಡಲೇ ಟರ್ಬೋ ವೇಗ ಬೀಳುತ್ತೆ. ಮತ್ತೆ ಒತ್ತಿದಾಗ ಶಕ್ತಿ ಬರೋಕೆ ತಡ. ಅದನ್ನ ತಪ್ಪಿಸೋಕೆ ಆ್ಯಂಟಿ ಲ್ಯಾಗ್ ಅಂತ ಇದೆ: ಬೇಕಂತಲೇ ಸ್ವಲ್ಪ ಗಾಳಿ, ಪೆಟ್ರೋಲನ್ನ ಟರ್ಬೋ ಮುಂದೆ ಪೈಪಿನಲ್ಲೇ ಉರಿಸಿ ಟರ್ಬೈನ್ ತಿರುಗ್ತಾ ಇರೋ ಹಾಗೆ ನೋಡ್ಕೊಳ್ಳೋದು. ಉಳಿದದ್ದು ಹಿಂದಿನಿಂದ ಬೆಂಕಿಯಾಗಿ ಬರುತ್ತೆ. ಅವರಿಗೆ ಬೆಂಕಿ ವೇಸ್ಟು, ನಮಗೆ ಅದೇ ಹೀರೋ.

ಈಗ ಕಥೆ. ಸಕಲೇಶಪುರದ ಒಬ್ಬ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದ್ವಿ. ಅವರು ಗಾಡಿ ಕೆಳಗೆ ಬಗ್ಗಿ ನೋಡಿ "ತಮ್ಮಾ, ಟ್ಯಾಂಕ್ ಎಲ್ಲಿದೆ ಹೇಳು" ಅಂದ್ರು. ಹಿಂದೆ. "ಸೈಲೆನ್ಸರ್ ಬಾಯಿ?" ಅದೂ ಹಿಂದೆ. "ಬಂಪರ್?" ಪ್ಲಾಸ್ಟಿಕ್. "ನಾನು ಮಾಡ್ಕೊಡಲ್ಲ, ಹೋಗಿ" ಅಂದ್ರು. ನಾವು ಬುದ್ಧಿವಂತರಲ್ವಾ, ಮನೇಲೇ ಮಾಡಿದ್ವಿ.

ಕಾಫಿ ಒಣಗಿಸೋ ಸಿಮೆಂಟ್ ಕಣದಲ್ಲಿ ಗಾಡಿ ನಿಲ್ಲಿಸಿದ್ವಿ. ಕುಯ್ಲು ಮುಗಿದಿತ್ತು, ಕಣ ಖಾಲಿ. ಮಾರ್ಚ್ ಎರಡನೇ ವಾರ, ಹೂಮಳೆ ಇನ್ನೂ ಬಂದಿರಲಿಲ್ಲ. ಮೊದಲ ಮೂರು ಸಲ ಏನೂ ಆಗಲಿಲ್ಲ. ನಾಲ್ಕನೇ ಸಲ ಬೆಂಕಿ ಬಂತು. ಒಂದೂವರೆ ಅಡಿ ಇರಬಹುದು. ನಾನು ಕುಣಿದೆ, ವಿಡಿಯೋದಲ್ಲಿ ನನ್ನ ಕಿರುಚಾಟವೇ ಜಾಸ್ತಿ. ಐದನೇ ಸಲ ಢಂ ಅಂತ ಸೈಲೆನ್ಸರ್ ಹೊಲಿಗೆ ಬಿಟ್ಟಿತು, ವರ್ಷಗಟ್ಟಲೆ ಒಳಗೆ ಕೂತಿದ್ದ ಮಸಿಯ ಚಕ್ಕೆಗಳು ಕೆಂಪಗೆ ಹಾರಿದವು. ಕಣದ ಅಂಚಿಗೆ ಸಿಲ್ವರ್ ಮರದ ಸಾಲು. ಅದರ ದರಗು ಮಾರ್ಚ್‌ನಲ್ಲಿ ಹೆಂಗಿರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹಪ್ಪಳ. ಕಿಡಿ ಬಿದ್ದ ಜಾಗದಲ್ಲಿ ಮೊದಲು ಬರೀ ಹೊಗೆ, ಆಮೇಲೆ ಬೆಂಕಿ ಬೇಲಿ ಕಡೆ ಹರಿಯೋಕೆ ಶುರುವಾಯ್ತು. ಅಣ್ಣ ಸೊಪ್ಪು ಮುರಿದು ಬಡಿದ. ನಾನು ಸೈಲೆನ್ಸರ್ ಪಕ್ಕದ ಕ್ಯಾನನ್ನ ಸರಿಸೋಕೆ ಹೋಗಿ ಪೈಪ್ ಮುಟ್ಟಿದೆ, ಅಂಗೈಯಲ್ಲಿ ಗುರುತು ಇನ್ನೂ ಇದೆ. ಪುಣ್ಯಕ್ಕೆ ಕೆಳಗಿನ ಬ್ಲಾಕ್‌ನಲ್ಲಿ ಸ್ಪ್ರಿಂಕ್ಲರ್ ಓಡ್ತಾ ಇತ್ತು. ತೋಟದಲ್ಲಿ ಕೆಲಸ ಮಾಡೋ ಅಕ್ಕ ಒಬ್ಬರು ಪೈಪ್ ಬಿಚ್ಚಿ ನೀರು ತಿರುಗಿಸಿದ್ರು. ಹತ್ತು ನಿಮಿಷ, ನಾಲ್ಕು ಕಾಫಿ ಗಿಡ, ಒಂದು ಮೆಣಸಿನ ಬಳ್ಳಿ. ಅಷ್ಟಕ್ಕೇ ನಿಂತಿತು.

ದೊಡ್ಡಪ್ಪ ಬಂದು ನೋಡಿ ಕಿರುಚಲಿಲ್ಲ. "ಆ ಬೇಲಿ ಆಚೆ ಏನಿದೆ ನೋಡ್ರೋ" ಅಂದ್ರು. ಬೇಲಿ ಆಚೆ ಒಣಗಿದ ಹುಲ್ಲಿನ ಗುಡ್ಡ, ಗುಡ್ಡದ ಆಚೆ ಕಾಡು. ಪ್ರತಿ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡೋದು ಅದಕ್ಕೇ. ಗಾಳಿ ಆ ಕಡೆ ಬೀಸಿದ್ದರೆ ನಾನು ಈ ಲೇಖನ ಬರೀತಾ ಇರ್ಲಿಲ್ಲ, ಅಥವಾ ಬೇರೆ ಕಡೆ ಕೂತು ಬರೀತಿದ್ದೆ.

ಆಮೇಲೆ ಹಾಸ್ಟೆಲಿಗೆ ಬಂದು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. 796 ಸಿಸಿ ಇಂಜಿನ್ 3000 ಆರ್‌ಪಿಎಂನಲ್ಲಿ ಪೂರ್ತಿ ತುಂಬಿಕೊಂಡರೆ ಸೆಕೆಂಡಿಗೆ ಸುಮಾರು 20 ಲೀಟರ್ ಗಾಳಿ ಎಳೆಯುತ್ತೆ. ನಿಜವಾಗಿ ಅರ್ಧ ಅಂತ ಇಟ್ಕೊಳ್ಳಿ, 10 ಲೀಟರ್. ನಮ್ಮ ಎತ್ತರದಲ್ಲಿ ಅದರ ತೂಕ ಹತ್ತೂವರೆ ಗ್ರಾಂ, ಅದಕ್ಕೆ ಪೆಟ್ರೋಲ್ 0.7 ಗ್ರಾಂ. ಅಂದರೆ ಒಂದು ಮಿಲಿಲೀಟರ್. ಗ್ರಾಂಗೆ 44 ಕಿಲೋಜೂಲ್ ಹಿಡಿದರೆ 31 ಕಿಲೋಜೂಲ್. ಮನೆ ಗ್ಯಾಸ್ ಒಲೆಯ ಒಂದು ಬರ್ನರ್ ಸುಮಾರು 2 ಕಿಲೋವಾಟ್. ಒಲೆ 15 ಸೆಕೆಂಡು ಉರಿದು ಕೊಡೋ ಶಾಖವನ್ನ ಸೈಲೆನ್ಸರ್ ಒಂದೇ ಏಟಿಗೆ ಉಗುಳುತ್ತೆ. ಇದು ಒಂದು ಮಿಲಿಲೀಟರ್‌ನ ಲೆಕ್ಕ. ಚೋಕ್ ಎಳೆದಿದ್ರೆ ಇನ್ನೂ ಜಾಸ್ತಿ.

ಹೊಸ ಗಾಡಿಯಲ್ಲಿ ಇದನ್ನ ಮಾಡಿದ್ರೆ ಮೊದಲು ಸಾಯೋದು ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ಜೇನುಗೂಡಿನ ಥರ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದರೆ ಲೇಪನ ಕೆಡುತ್ತೆ, ಜಾಸ್ತಿಯಾದ್ರೆ ಜೇನುಗೂಡೇ ಕರಗಿ ಪೈಪ್ ಕಟ್ಟಿಕೊಳ್ಳುತ್ತೆ. ಅದಕ್ಕೆ ಕೆಲವರು ಕನ್ವರ್ಟರನ್ನೇ ಕತ್ತರಿಸಿ ಎಸೀತಾರೆ. ರಿಚ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಾ ಇರುತ್ತೆ, ವಾಸನೆ ಇಲ್ಲ. ಶೆಡ್ ಬಾಗಿಲು ಮುಚ್ಚಿ ರೇಸ್ ಕೊಡೋದಂತೂ ಬೇಡವೇ ಬೇಡ.

ಕಾನೂನು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟದ್ದನ್ನ ಹೀಗೆ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ 182ಎ ಅಡಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು, ಹೊಗೆಗೆ ಸೆಕ್ಷನ್ 190ರಲ್ಲಿ 10,000ದವರೆಗೆ ಬೇರೆ. ಮಾಲೀಕ ಅಂದ್ರೆ ಆರ್‌ಸಿಯಲ್ಲಿ ಹೆಸರಿರೋರು. ನಮ್ಮ ವಿಷಯದಲ್ಲಿ ಪಾಪ ದೊಡ್ಡಪ್ಪ.

ಫೆಸ್ಟ್‌ನಲ್ಲಿ ನಾವು ಗಾಡಿ ತಗೊಂಡು ಹೋಗಲಿಲ್ಲ. ಒಡೆದ ಸೈಲೆನ್ಸರನ್ನ ಗ್ರೈಂಡರ್‌ನಲ್ಲಿ ಉದ್ದಕ್ಕೆ ಸೀಳಿ ಟೇಬಲ್ ಮೇಲಿಟ್ಟು, ಮೇಲಿನ ಲೆಕ್ಕವನ್ನೆಲ್ಲ ಚಾರ್ಟಿನಲ್ಲಿ ಬರೆದ್ವಿ. ಪಕ್ಕದ ಸೂಪರ್‌ಬೈಕ್ ಸ್ಟಾಲ್‌ನಷ್ಟು ಜನ ಬರಲಿಲ್ಲ. ಬಂದವರು ಮಾತ್ರ ಒಳಗಿನ ಮಸಿ ಮುಟ್ಟಿ ಮುಟ್ಟಿ ನೋಡಿದ್ರು. ಹೊಸ ಸೈಲೆನ್ಸರ್ ದುಡ್ಡನ್ನ ಅಣ್ಣ ನಾನು ಅರ್ಧ ಅರ್ಧ ಕೊಟ್ವಿ. 800ರ ಕೀ ದೊಡ್ಡಪ್ಪ ಇನ್ನೂ ಕೊಟ್ಟಿಲ್ಲ.