ಪಕ್ಕವಾದ್ಯದ ಘನತೆ: ಕಿಂಗ್ ಕರ್ಟಿಸ್

ಹಾಡು ಜನಪ್ರಿಯವಾದಾಗ ಗಾಯಕನ ಹೆಸರು ಎಲ್ಲರ ನಾಲಿಗೆಯ ಮೇಲೆ ನಲಿಯುತ್ತದೆ. ಜೊತೆಗೆ ನುಡಿಸಿದವನ ಹೆಸರು ಬಹುಮಟ್ಟಿಗೆ ಮರೆಯಾಗುತ್ತದೆ. ಆದರೆ ಪಕ್ಕವಾದ್ಯವು ಕೇವಲ ಅಲಂಕಾರವಲ್ಲ, ಹಾಡಿನ ಅರ್ಥಕ್ಕೇ ಪುಷ್ಟಿ ನೀಡಬಲ್ಲುದು ಎಂಬುದಕ್ಕೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್ ಅವರ ಕಲಾಜೀವನ ಉತ್ತಮ ನಿದರ್ಶನ.

ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್ ನಿರ್ಮಿಸಿ, 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಕನ್ನಡಿಗರಿಗೆ ಅಪರಿಚಿತವಲ್ಲ. ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಮೆರಿಕದಲ್ಲಿ ಅದು ಆಫ್ರಿಕಾ ಮೂಲದ ಜನರ ಜಾಜ್ ಹಾಗೂ ರಿದಮ್ ಅಂಡ್ ಬ್ಲೂಸ್ ಸಂಗೀತದ ಉಸಿರಾಯಿತು. ಇವೆರಡರೊಡನೆ ಚರ್ಚಿನ ಭಕ್ತಿಗಾಯನದ ಆವೇಶವೂ ಬೆರೆತು 1950ರ ದಶಕದಲ್ಲಿ ರೂಪುಗೊಂಡುದೇ ಸೋಲ್ ಜಾಜ್.

ಕರ್ಟಿಸ್ ಔಸ್ಲಿ 1934ರ ಫೆಬ್ರವರಿ 7ರಂದು ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಸ್ಯಾಕ್ಸೊಫೋನ್ ಅಭ್ಯಾಸ ಮಾಡಿ, ಲಯನೆಲ್ ಹ್ಯಾಂಪ್ಟನ್ನರ ವಾದ್ಯವೃಂದದಲ್ಲಿ ಪಳಗಿದರು. 1952ರಲ್ಲಿ ನ್ಯೂಯಾರ್ಕ್ ಸೇರಿ, ಅನ್ಯರ ಧ್ವನಿಮುದ್ರಿಕೆಗಳಿಗೆ ನುಡಿಸುವುದನ್ನೇ ವೃತ್ತಿಯಾಗಿಸಿಕೊಂಡರು. ಈ ವೃತ್ತಿಯಲ್ಲಿ ವಾದಕನಿಗೆ ದೊರೆಯುವ ಅವಕಾಶ ಕೆಲವೇ ಸೆಕೆಂಡುಗಳದು. ಅಷ್ಟರಲ್ಲಿಯೇ ಹಾಡಿನ ಭಾವವನ್ನು ಅರಿತು ನುಡಿಯಬೇಕು.

1958ರಲ್ಲಿ ಕೋಸ್ಟರ್ಸ್ ತಂಡವು ‘ಯಾಕೆಟಿ ಯಾಕ್’ ಎಂಬ ವಿನೋದಗೀತೆಯನ್ನು ಹೊರತಂದಿತು. ಮನೆಗೆಲಸ ಮಾಡೆಂದು ಹಿರಿಯರು ಗದರಿಸುವುದು, ಮಕ್ಕಳು ಗೊಣಗುವುದು ಅದರ ವಸ್ತು. ಕರ್ಟಿಸ್ ಸ್ವರಗಳನ್ನು ಕತ್ತರಿಸಿದಂತೆ ಚುರುಕಾಗಿ ನುಡಿಸಿ, ಆ ವಾಗ್ವಾದವನ್ನೇ ವಾದ್ಯದಲ್ಲಿ ಕೇಳಿಸಿದರು. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದ ‘ರೆಸ್ಪೆಕ್ಟ್’ ಇದಕ್ಕಿಂತ ಭಿನ್ನ. ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ್ದ ಈ ಗೀತೆ, ಆಕೆಯ ಕಂಠದಲ್ಲಿ ಗೌರವಕ್ಕಾಗಿ ಸ್ತ್ರೀಯು ಮಾಡುವ ಹಕ್ಕೊತ್ತಾಯವಾಯಿತು. ಮೂಲದಲ್ಲಿಲ್ಲದ ಒಂದು ಭಾಗವನ್ನು ಸೇರಿಸಿ, ಅಲ್ಲಿ ಶ್ರುತಿಯ ನೆಲೆಯನ್ನೇ ಬದಲಿಸಲಾಯಿತು. ಆ ಹೊಸ ನೆಲೆಯಲ್ಲಿ ಕರ್ಟಿಸ್‌ರ ಸ್ಯಾಕ್ಸೊಫೋನ್ ಮುಂದೆ ಬಂದು ನುಡಿಯುತ್ತದೆ. ಅನಂತರ ಹಾಡು ಮತ್ತಷ್ಟು ದೃಢವಾಗಿ ಮರಳುತ್ತದೆ.

ಅವರಿಗೆ ಸ್ವಂತ ಪ್ರತಿಭೆಯ ಕೊರತೆ ಇರಲಿಲ್ಲ. 1960ರಲ್ಲಿ ನ್ಯಾಟ್ ಆಡರ್ಲಿ, ವಿಂಟನ್ ಕೆಲಿ ಮೊದಲಾದ ಜಾಜ್ ಕಲಾವಿದರೊಡನೆ ಧ್ವನಿಮುದ್ರಿಕೆ ಮಾಡಿದರು. 1962ರ ‘ಸೋಲ್ ಟ್ವಿಸ್ಟ್’ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಪ್ರಥಮ ಸ್ಥಾನ ಗಳಿಸಿತು. 1967ರ ‘ಮೆಂಫಿಸ್ ಸೋಲ್ ಸ್ಟ್ಯೂ’ ಕೃತಿಯಂತೂ ಅವರ ಮನೋಧರ್ಮಕ್ಕೆ ಕನ್ನಡಿ. ಅಡುಗೆಯವನು ಪದಾರ್ಥಗಳನ್ನು ಅಳೆದು ಹಾಕುವಂತೆ, ಅವರು ಬಾಸ್, ಡ್ರಮ್, ಗಿಟಾರ್, ಆರ್ಗನ್‌ಗಳನ್ನು ಒಂದೊಂದಾಗಿ ಕರೆಯುತ್ತಾರೆ. ಅವೆಲ್ಲ ಹದವಾಗಿ ಕೂಡಿದ ಮೇಲೆಯೇ ಅವರ ಸ್ಯಾಕ್ಸೊಫೋನ್ ಪ್ರವೇಶಿಸುತ್ತದೆ. ನಾಯಕನಾದಾಗಲೂ ಇತರರಿಗೆ ಎಡೆಗೊಡುವ ಗುಣ ಅವರನ್ನು ಬಿಡಲಿಲ್ಲ.

1971ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ಅರೀತಾ ಅವರ ವಾದ್ಯವೃಂದವನ್ನು ಕರ್ಟಿಸ್ ಮುನ್ನಡೆಸಿದರು. ಅದೇ ವರ್ಷದ ಆಗಸ್ಟ್ 13ರಂದು ನ್ಯೂಯಾರ್ಕಿನಲ್ಲಿ ತಮ್ಮ ಮನೆಯ ಮುಂದೆ ನಡೆದ ಜಗಳದಲ್ಲಿ ಇರಿತಕ್ಕೊಳಗಾಗಿ ಅಸುನೀಗಿದರು. ಆಗ ಅವರ ವಯಸ್ಸು ಕೇವಲ 37. ಅಂತ್ಯಕ್ರಿಯೆಯಲ್ಲಿ ಅರೀತಾ ಹಾಡಿ ಬೀಳ್ಕೊಟ್ಟರು.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯು 2000ದಲ್ಲಿ ಪಕ್ಕವಾದ್ಯಗಾರರಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆದು, ಮೊದಲ ತಂಡದಲ್ಲಿಯೇ ಅವರನ್ನು ಗೌರವಿಸಿತು. ಮನ್ನಣೆ ಬಂದಾಗ ಅವರು ಇರಲಿಲ್ಲ. ಆದರೆ ಅವರ ದುಡಿಮೆ ಮನ್ನಣೆಗಾಗಿ ಕಾದು ಕುಳಿತಿರಲೂ ಇಲ್ಲ. ಹೆಸರು ಯಾರದೇ ಆಗಲಿ, ತನ್ನ ಪಾಲಿಗೆ ಬಂದ ಕ್ಷಣವನ್ನು ಪರಿಪೂರ್ಣಗೊಳಿಸುವುದೇ ಕಾಯಕ ಎಂಬುದನ್ನು ವಿದ್ಯಾರ್ಥಿಗಳು ಈ ಕಲಾವಿದರಿಂದ ಅರಿಯಬಹುದು.