ಡೇ ಕೇರ್‌ಗೆ ಸೇರಿಸುವ ಮುನ್ನ

ಗೋಡೆಯ ಮಿಕ್ಕಿ ಮೌಸ್ ನೋಡಿ ಮರುಳಾಗಬೇಡಿ. ಮೊದಲು ಅಡುಗೆಮನೆ ತೋರಿಸಿ ಅನ್ನಿ. 2004ರಲ್ಲಿ ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳನ್ನು ಬಲಿ ತೆಗೆದುಕೊಂಡ ಬೆಂಕಿ ಹೊತ್ತಿದ್ದು ಅಡುಗೆಮನೆಯಲ್ಲೇ. ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಗೋಡೆಯಲ್ಲಿ ನೇತಾಡಿದರೆ ಸಾಲದು. ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಚೀಟಿಯಲ್ಲಿರುವ ರೀಫಿಲ್ ದಿನಾಂಕ ದಾಟಿದೆಯೇ ನೋಡಿ. ಹಿಂಬಾಗಿಲಿಗೆ ಅಡ್ಡವಾಗಿ ಹಳೇ ತೊಟ್ಟಿಲು, ರಟ್ಟಿನ ಡಬ್ಬ ಪೇರಿಸಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಲೈಸೆನ್ಸ್ ಕೇಳಿದರೆ ಕೆಲವರು ಮುಖ ಗಂಟಿಕ್ಕುತ್ತಾರೆ, ಇಕ್ಕಲಿ ಬಿಡಿ. ಹೆಸರು, ವಿಳಾಸ, ಅವಧಿ ಮೂರನ್ನೂ ಓದಿ. ಇನ್ನು, 50 ಅಥವಾ ಹೆಚ್ಚು ನೌಕರರಿರುವ ಕಚೇರಿ ಶಿಶುಪಾಲನಾ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿಬರಬಹುದು ಎಂಬುದು 2017ರಿಂದಲೇ ಕಾನೂನಿನಲ್ಲಿದೆ. ಸಂಕೋಚ ಬಿಟ್ಟು ಹೋಗಿ. ಮುಂಚೆ ಫೋನ್ ಮಾತ್ರ ಮಾಡಬೇಡಿ.