ಜೆರೇನಿಯಂಗೆ ನೀರು ಹಾಕುವ ಮುನ್ನ

ಬೆಂಗಳೂರಿನ ಹೊಸ ಮನೆಯ ಬಾಲ್ಕನಿಗೆ ಜೆರೇನಿಯಂ ತರುತ್ತೇನೆ ಅಂದೆಯಲ್ಲ ಮಗಳೇ, ಖಂಡಿತ ತಾ. ಆದರೆ ನೀರಿನ ತಂಬಿಗೆ ಸದಾ ಕೈಯಲ್ಲಿರುವುದು ಬೇಡ. ನಮ್ಮಲ್ಲಿ ಈ ಗಿಡ ಬಾಯಾರಿ ಸಾಯುವುದು ಅಪರೂಪ. ಹೆಚ್ಚಿನವು ಸಾಯುವುದು ಬೇರು ಕೊಳೆತು.

ಇದರ ತವರು ದಕ್ಷಿಣ ಆಫ್ರಿಕಾ. ಕಲ್ಲುಗುಡ್ಡಗಳಲ್ಲಿ, ಒಣ ಪೊದೆಗಳ ನಡುವೆ ಬೆಳೆದ ಕುಲವಾದ್ದರಿಂದ ದಪ್ಪ ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮಣ್ಣಿಗೆ ಬೆರಳೂರಿ ನೋಡು. ಅಂಗುಲದಾಳ ಒಣಗಿದ್ದರೆ ಮಾತ್ರ ನೀರು ಹಾಕು. ಹಾಕುವಾಗ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡು. ಎಲೆ, ಹೂಗಳ ಮೇಲೆ ಸುರಿಯಬೇಡ. ಒದ್ದೆ ನಿಂತಲ್ಲೇ ಬೂಷ್ಟು, ತುಕ್ಕುರೋಗ ಹತ್ತುವುದು.

ಎಲ್ಲರೂ ಎಡವುವ ಜಾಗವೊಂದಿದೆ. ಬೇರು ಕೊಳೆತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಕರುಣೆಯಿಂದ ಇನ್ನೊಂದು ಚೊಂಬು ನೀರು ಹಾಕುತ್ತೇವೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಗಿಡ ಜೋತುಬಿದ್ದಾಗ ಮೊದಲು ಮಣ್ಣು ಮುಟ್ಟು. ಒದ್ದೆಯಿದ್ದರೆ ಕೈ ಕಟ್ಟಿಕೊಂಡಿರು. ಬುಡ ಕಪ್ಪಾಗಿ ಮೆತ್ತಗಾಗಿದ್ದರೆ ಪೈಥಿಯಂ ಎಂಬ ಜೀವಿ ಹೊಕ್ಕಿದೆ ಎಂದೇ ಲೆಕ್ಕ. ಅದಕ್ಕೆ ಮದ್ದು ಹುಡುಕುತ್ತ ಕೂರಬೇಡ, ಮಣ್ಣುಸಮೇತ ಎಸೆದು ಕುಂಡವನ್ನು ಚೆನ್ನಾಗಿ ತೊಳೆದಿಡು.

ಪ್ಲಾಸ್ಟಿಕ್ಕಿಗಿಂತ ಮಣ್ಣಿನ ಕುಂಡವೇ ಮೇಲು, ತೇವ ಬೇಗ ಆರುತ್ತದೆ. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಸಮ ಸಾಕು. ಸಗಣಿಗೊಬ್ಬರ, ಯೂರಿಯಾ ಸುರಿದರೆ ಎಲೆ ಸೊಂಪಾಗಿ ಬಂದು ಹೂ ಕಡಿಮೆಯಾಗುತ್ತದೆ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಪೂರ್ವದ ಬಾಲ್ಕನಿಯಾದರೆ ಬಹಳ ಒಳ್ಳೆಯದು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಒಡ್ಡಬೇಡ. ಮಳೆಗಾಲದಲ್ಲಿ ಸೂರಿನಡಿಗೆ ಸರಿಸು. ಮಡಿಕೇರಿ, ಸಕಲೇಶಪುರದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿಟ್ಟರೆ ಉಳಿಯುವುದು ಕಷ್ಟ. ಮಂಗಳೂರಿನಲ್ಲಿರುವ ನಿನ್ನ ಅಕ್ಕನಿಗೆ ಈ ಹೂ ಚಳಿಗಾಲದ ಅತಿಥಿ ಮಾತ್ರ. ಕರಾವಳಿಯ ಸೆಕೆ ಇದಕ್ಕೆ ಒಗ್ಗದು.

ಬಾಡಿದ ಗೊಂಚಲನ್ನು ಮೇಲಿನಿಂದ ಕಿತ್ತರೆ ಸಾಲದು. ತೊಟ್ಟು ಕಾಂಡಕ್ಕೆ ಸೇರುವ ಗೆಣ್ಣಿನಲ್ಲೇ ಹಿಡಿದು ಬಾಗಿಸು, ಪಟಕ್ಕನೆ ಮುರಿದು ಬರುತ್ತದೆ. ಉದ್ದುದ್ದ ಬೆಳೆದ ಕಾಂಡವನ್ನು ಕತ್ತರಿಸಲು ಹಿಂಜರಿಯಬೇಡ. ಕತ್ತರಿಸದ ಗಿಡ ತುದಿಯಲ್ಲಷ್ಟೇ ಹಸಿರಾಗಿ, ಬುಡದಲ್ಲಿ ಬೋಳಾಗುತ್ತದೆ.

ಕತ್ತರಿಸಿದ ತುದಿಗಳನ್ನು ಕಸಕ್ಕೆ ಹಾಕೀಯ ಮತ್ತೆ! ಈ ಗಿಡ ಸಾಕುವುದರಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇಲ್ಲೇ ಇರುವುದು. ರೋಗವಿಲ್ಲದ, ಹೂವಿಲ್ಲದ, ನಾಲ್ಕಂಗುಲದ ತುದಿಯನ್ನು ಗೆಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಕೊಯ್ಯಿ. ಕೆಳಗಿನ ಎಲೆ ತೆಗೆದು, ಗಾಯ ಆರುವಂತೆ ಅರ್ಧ ದಿನ ನೆರಳಲ್ಲಿ ಬಿಡು. ಹಸಿಗಾಯವನ್ನೇ ಮಣ್ಣಿಗೆ ಊರಿದರೆ ಕೊಳೆಯುತ್ತದೆ. ಆಮೇಲೆ ಮರಳು ಹೆಚ್ಚಿರುವ ಮಣ್ಣಿನಲ್ಲಿ ಊರಿ, ಒಮ್ಮೆ ನೀರು ಹಾಕಿ ನೆರಳಿನಲ್ಲಿಡು. ಬೇರೆ ಕಡ್ಡಿಗಳಿಗೆ ಮಾಡುವಂತೆ ಪ್ಲಾಸ್ಟಿಕ್ ಚೀಲ ಮುಚ್ಚಬೇಡ, ಒಳಗಿನ ಆವಿಯೇ ಇದಕ್ಕೆ ಶತ್ರು. ಮೂರು ನಾಲ್ಕು ವಾರದಲ್ಲಿ ಹೊಸ ಚಿಗುರು ಕಾಣುತ್ತದೆ. ಅಷ್ಟರೊಳಗೆ ಬೇರು ಬಂತೇ ಎಂದು ಎಳೆದು ನೋಡುವ ಆಸೆ ಬೇಡ.

ಕೊಳ್ಳುವುದನ್ನು ಅಕ್ಟೋಬರ್‌ಗೆ ಇಟ್ಟುಕೋ. ಮೈತುಂಬ ಹೂ ಬಿಟ್ಟದ್ದನ್ನು ನೋಡಿ ಮರುಳಾಗದೆ, ಗಿಡ್ಡವಾಗಿ, ಗೆಣ್ಣು ಒತ್ತೊತ್ತಾಗಿ, ಮೊಗ್ಗು ಹೊತ್ತದ್ದನ್ನು ಆರಿಸು. ಚೀಟಿಯಲ್ಲಿ ಪೆಲಾರ್ಗೋನಿಯಂ ಎಂದಿದ್ದರೂ ಅದು ಇದೇ. ನಿನ್ನ ಬೆಕ್ಕು ಎಲೆ ಕಚ್ಚಿದರೆ ವಾಂತಿ ಮಾಡಿಕೊಂಡೀತು, ಎತ್ತರದಲ್ಲಿಡು. ಬೇರು ಬಿಟ್ಟ ತುದಿಗಳಲ್ಲಿ ಒಂದನ್ನು ತಪ್ಪದೆ ಪಕ್ಕದ ಮನೆಗೆ ಕೊಡು. ಮುಂದಿನ ಮಳೆಗಾಲದಲ್ಲಿ ನಿನ್ನದು ಹೋದರೆ, ಅಲ್ಲಿಂದ ಒಂದು ತುದಿ ಕೇಳಿ ತರಬಹುದು.